ಬ್ಯಾರನ್ನನ ನಶ್ಯದ ಡಬ್ಬಿ

ಪರದೇಶದ ಮೋಲ್ನ್‌ಡಾಲ್ ಊರಿನ ಲ್ಯಾಬಿನವರನ್ನು ಊಟಕ್ಕೆ ಕರೆದಿದ್ದ ಹಳೇ ಜಮೀನ್ದಾರಿ ಮನೆತನದ ಬ್ಯಾರನ್, ಮುತ್ತಜ್ಜನ ಕಾಲದ ವಜ್ರಖಚಿತ ಚಿನ್ನದ ನಶ್ಯದ ಡಬ್ಬಿಯನ್ನು ಅವರಲ್ಲೊಬ್ಬಳಾದ ಮೇಬಲ್ ಮುಂದೆ ಹಿಡಿದ. ಅವಳಿಗಿಂತ ಮೊದಲು ಚಿಟಿಕೆ ಏರಿಸಿದ ಮೂವರೂ ಸೀನಿ ಸೀನಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಇದೆಲ್ಲ ರಕ್ತದಲ್ಲೇ ಬರಬೇಕು," ಎಂದು ಆತ ನಕ್ಕ.

"ಬೇಡ ಕಣೇ, ಮಾನ ಹೋಗತ್ತೆ," ಪಕ್ಕದಲ್ಲಿದ್ದ ಗೆಳತಿ ಶ್ರದ್ಧಾ ಪಿಸುಗುಟ್ಟಿದಳು.

ಮೇಬಲ್ ಮುಚ್ಚಳವನ್ನು ಬೆರಳಿನಿಂದ ಎರಡು ಸಲ ತಟ್ಟಿ ತೆರೆದಳು. ದೊಡ್ಡದೊಂದು ಚಿಟಿಕೆ ಏರಿಸಿ, ಸೆರಗಿನ ತುದಿಯಿಂದ ಮೂಗೊರೆಸಿಕೊಂಡು ಸುಮ್ಮನೆ ಕೂತಳು. ಸೀನು ಬರಲೇ ಇಲ್ಲ.

"ನಿಮ್ಮದು ಯಾವ ಮನೆತನ?" ಬ್ಯಾರನ್ ಬೆರಗಾಗಿ ಕೇಳಿದ.

"ಮಲ್ಪೆಯಲ್ಲಿ ಮೀನು ಮಾರೋ ಮನೆತನ. ಅಜ್ಜಿಯ ತಗಡಿನ ಡಬ್ಬಿಯಿಂದ ದಿನಾ ಒಂದು ಚಿಟಿಕೆ ಕದೀತಿದ್ದೆ," ಎಂದ ಮೇಬಲ್ ಡಬ್ಬಿಯನ್ನು ಅವನತ್ತ ಸರಿಸಿದಳು. "ಈಗ ನೀವು ತಗೊಳ್ಳಿ."

ಎಲ್ಲರೂ ನೋಡುತ್ತಿದ್ದರು. ಬ್ಯಾರನ್ ಒಂದು ಚಿಟಿಕೆ ಏರಿಸಿದ. ಅವನು ಸೀನಿದ ರಭಸಕ್ಕೆ ಮೇಜಿನ ಮೇಲಿದ್ದ ಎರಡು ಮೇಣದಬತ್ತಿಗಳು ಆರಿಹೋದವು.