ಕೊನೆಯ ಸಾಲಿನ ತಿದ್ದುಪಡಿ

ಹೆಸರಾಂತ ನಾಟಕ ಕಂಪನಿ ನಟಿಗೆ ತೊಂಬತ್ತು ತುಂಬಿದ ದಿನವೇ ಪತ್ರಿಕೆಯವರು ಆಕೆಯ ಸಾವಿನ ಸುದ್ದಿ ಬರೆದಿಟ್ಟಿದ್ದರು. ಅಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಅದನ್ನು ಬರೆದ ವರದಿಗಾರನೇ ಸಂದರ್ಶನದ ನೆಪದಲ್ಲಿ ಬಂದು, ಆರೋಗ್ಯ ವಿಚಾರಿಸಿ, ಆ ಸುದ್ದಿಯ ಹಾಳೆಯಲ್ಲಿ ವಯಸ್ಸನ್ನಷ್ಟೇ ತಿದ್ದಿಕೊಂಡು ಹೋಗುತ್ತಿದ್ದ.

ತೊಂಬತ್ತಾರಕ್ಕೆ ಮುದುಕಿ ಕೈ ಚಾಚಿದಳು. "ಆರು ವರ್ಷ ಮಾತಾಡಿಸಿದಿ. ಒಂದಾರ ಪೇಪರಿನಾಗ ಬಂತೇನು? ನಾ ಸತ್ತ ಮ್ಯಾಲ ಹಾಕೋದನ್ನ ತೋರಸು, ತಮ್ಮಾ."

ಅವನು ಬೆವರುತ್ತ ಚೀಲದಿಂದ ಹಾಳೆ ತೆಗೆದುಕೊಟ್ಟ.

ಪಾತ್ರ, ಪ್ರಶಸ್ತಿಗಳನ್ನೆಲ್ಲ ದಾಟಿ ಆಕೆ ಕೊನೆಯ ಸಾಲಿಗೆ ಬಂದಳು: ‘ಮೃತರು ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಅಭಿಮಾನಿಗಳನ್ನು ಅಗಲಿದ್ದಾರೆ.’

"ಗಂಡಮಕ್ಕಳು ಇಬ್ಬರೂ ಹೋದ್ರು. ಹ್ವಾದ ವರ್ಷ ಮಗಳೂ ಹೋದಳು," ಎನ್ನುತ್ತ ಅವನ ಪೆನ್ನು ತೆಗೆದುಕೊಂಡು ಒಂದೊಂದನ್ನೇ ಗೀಟು ಹಾಕಿ ಹೊಡೆದಳು.

"ಅಭಿಮಾನಿಗಳಾರ ಇರಲಿ, ಅಮ್ಮಾರ."

"ನನ್ನ ನಾಟಕ ನೋಡಿದವರು ಇನ್ನೂ ಯಾರ ಅದಾರೋ?" ಅದನ್ನೂ ಹೊಡೆದಳು.

"ಹಂಗಾದ್ರ ಯಾರನ್ನ ಅಗಲಿದ್ದಾರ ಅಂತ ಬರೀಲಿ?"

ಮುದುಕಿ ಪೆನ್ನು ಹಿಂದಿರುಗಿಸಿದಳು.

"ನಿನ್ನ ಹೆಸರ ಬರಿ. ನಾ ಸತ್ತೀನೋ ಇಲ್ಲೋ ಅಂತ ವರ್ಷಕ್ಕೊಮ್ಮೆಯಾರ ನೋಡಾಕ ಬರಾವ ನೀ ಒಬ್ಬನ."