ಭಾಗವತರ ಕಿವಿಗೆ ಹೆಡ್‌ಫೋನ್

ನಿಟ್ಟೂರಿನ ತಾಳಮದ್ದಳೆ ಸಂಘದ ಇತಿಹಾಸದಲ್ಲೇ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಶನಿವಾರ ಸಂಜೆ ಎದುರಾಯಿತು: ಭಾಗವತರ ಕಿವಿಗೆ ಹೆಡ್‌ಫೋನ್ ಹಾಕಬಹುದೋ, ಬಾರದೋ?

ಅವತ್ತಿನ ಪ್ರಸಂಗಕ್ಕೆ ಮದ್ದಳೆ ನುಡಿಸುತ್ತೇನೆಂದು ಬಂದಿದ್ದ ಸಮೀಕ್ಷಾಳ ರೆಕಾರ್ಡಿಂಗನ್ನು ಸುಬ್ಬಕೃಷ್ಣ ಭಾಗವತರು ಫೋನಿನಲ್ಲಿ ಕೇಳಿ, "ತಗಡು ಬಡಿದಂಗಿದೆ ಮಾರಾಯ್ತಿ. ಹೆಣ್ಮಕ್ಕಳ ಕೈಗೆ ಇದೆಲ್ಲ ಒಗ್ಗಲ್ಲ. ಇದಕ್ಕೆ ನಾನು ಹಾಡೋದಿಲ್ಲ" ಎಂದು ಎಲ್ಲರೆದುರೇ ತೀರ್ಪು ಕೊಟ್ಟಿದ್ದರು.

"ತಗಡು ನಿಮ್ಮ ಫೋನಿನ ಸ್ಪೀಕರು, ನನ್ನ ಮದ್ದಳೆಯಲ್ಲ" ಎಂದಳು ಸಮೀಕ್ಷಾ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತನ್ನ ಆಂಪ್ಲಿಫೈಯರನ್ನು ಫೋನಿನ ಬುಡಕ್ಕೆ ಚುಚ್ಚಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿ, ಸಂಘದ ಅಪ್ಪಣೆಗೆ ಕಾಯದೆ ಅವರ ಕಿವಿಗೇರಿಸಿದಳು. "ಈಗ ಕೇಳಿ. ಆಮೇಲೆ ಬೇಕಾದ್ರೆ ಬೈರಿ."

ಭಾಗವತರು ಬೈಯಲಿಕ್ಕೆಂದೇ ಬಾಯಿ ತೆರೆದಿರಬೇಕು. ಅಷ್ಟರಲ್ಲಿ ಹೆಡ್‌ಫೋನಿನೊಳಗಿನ ಮದ್ದಳೆ ಮುಕ್ತಾಯ ಕೊಟ್ಟು ಹಾಡುಗಾರನಿಗೆ ಜಾಗ ಬಿಟ್ಟಿತು; ಜೀವಮಾನದ ಅಭ್ಯಾಸ ತಡೆಯಲಿಲ್ಲ, ಪದ್ಯ ಎತ್ತಿಯೇಬಿಟ್ಟರು. ಕಿವಿ ಮುಚ್ಚಿದ್ದರಿಂದ ಎಷ್ಟು ಜೋರಾಗಿ ಹಾಡುತ್ತಿದ್ದೇನೆಂಬುದೂ ಅವರಿಗೆ ತಿಳಿಯಲಿಲ್ಲ. ಹೊರಗೆ ಚಹಾ ಕುಡಿಯುತ್ತಿದ್ದವರು ಪ್ರಸಂಗ ಶುರುವಾಯಿತೆಂದು ಲೋಟದ ಸಮೇತ ಓಡಿಬಂದು ಕೂತರು. ಭಾಗವತರು ಕಣ್ಣು ಬಿಟ್ಟಾಗ ಸಮೀಕ್ಷಾ ಅವರ ಪಕ್ಕದಲ್ಲಿ ಮದ್ದಳೆ ಇಟ್ಟುಕೊಂಡು ಕೂತಾಗಿತ್ತು.

ಅವತ್ತು ಅವಳು ನುಡಿಸಿದಳು, ಅವರು ಹಾಡಿದರು.