ಕಾಲು ಮುಂದಾಗಿ ಹುಟ್ಟಿದವಳು

ಔಡಲೆಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ಅಂಗಾಲು ಬೆಚ್ಚಗಾಗುತ್ತದೆ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂದು ನಮ್ಮೂರಿನ ನಂಬಿಕೆ. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದ ಕಾಲ ಅದು. ಮಣ್ಣು ಹೊತ್ತು ಸೊಂಟ ಹಿಡಿದವರು ಬಂದು ನಮ್ಮ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ಅಜ್ಜಿ ಎಣ್ಣೆ ಹಚ್ಚುತ್ತಿದ್ದಳು, ನಾನು ತುಳಿಯುತ್ತಿದ್ದೆ. ಯಾರ ಬೆನ್ನು ನೆಟ್ಟಗಾಯಿತೋ ಗೊತ್ತಿಲ್ಲ. ಮರುದಿನ ಎಲ್ಲರೂ ಮತ್ತೆ ಮಣ್ಣಿಗೇ ಹೋಗುತ್ತಿದ್ದರು. ಅವರ ಜೊತೆಗೇ ಮಣ್ಣು ಹೊರುತ್ತಿದ್ದ ಅವ್ವ ಮಾತ್ರ ಎಂದೂ ಬಂದು ಮಲಗಿದವಳಲ್ಲ.

ಒಂದು ಮಧ್ಯಾಹ್ನ ಅವಳು ಬುಟ್ಟಿ ಇಳಿಸಿದವಳೇ ಗೋಡೆ ಹಿಡಿದು ನಿಂತಳು.

"ಊರವರಿಗೆಲ್ಲಾ ಬೇಕು, ನಿನಗ್ಯಾಕ ಬ್ಯಾಡ? ಮಕ್ಕೋ ಸುಮ್ನ," ಎಂದು ಅಜ್ಜಿ ಗದರಿದಳು.

ಅವ್ವ ಚಾಪೆಯ ಮೇಲೆ ಬೋರಲು ಮಲಗಿದಳು, ನಾನು ಹತ್ತಿ ನಿಂತೆ. ಅವಳ ಬೆನ್ನಿನಲ್ಲಿ ಮಾಂಸವೇ ಇರಲಿಲ್ಲ. ಬೆನ್ನೆಲುಬಿನ ಒಂದೊಂದು ಮಣಿಯೂ ಹಗ್ಗದ ಗಂಟಿನಂತೆ ಕಾಲಿಗೆ ಸಿಕ್ಕಿತು. ಸೊಂಟದ ಹತ್ತಿರ ತುಳಿದಾಗ ಅವಳ ಕಿವಿಯ ಕೆಳಗೆ ದವಡೆ ಬಿಗಿದು ಉಬ್ಬಿತು.

"ಅದು ಮಣ್ಣು ಹೊತ್ತು ಬಂದದ್ದಲ್ಲ," ಎಂದಳು ಅಜ್ಜಿ ನನ್ನ ಕಡೆ ನೋಡಿ. "ನಿನ್ನ ಹಡಿಯೋವಾಗ ಹಿಡಿದ ನೋವು."

"ಕೂಸಿನ ಮುಂದ ಸುಮ್ಮನಿರ್ರಿ ಅತ್ತಿ," ಎಂದು ಅವ್ವ ಚಾಪೆಯಲ್ಲಿ ಮುಖವಿಟ್ಟೇ ಹೇಳಿದಳು.

ನಾನು ಮೆಲ್ಲಗೆ ಇಳಿದೆ. "ಹೋತೇನಬೇ?"

"ಹೋತವ್ವ, ಪೂರಾ ಹೋತು."

ಅವ್ವ ಎದ್ದು, ಸಿಂಬಿ ಸುತ್ತಿ, ಬುಟ್ಟಿಯನ್ನು ತಲೆಗಿಟ್ಟುಕೊಂಡಳು. ದವಡೆ ಇನ್ನೂ ಬಿಗಿದೇ ಇತ್ತು.